ಸ್ತ್ರೀವಾದಿ ಆಪ್ತಸಮಾಲೋಚನೆಗೆ ಮಾತು ಕಲಿಯುವುದು ಹೇಗೆ: ಹಾಸನ ಸುತ್ತಮುತ್ತ ಕೆಲಸ ಮಾಡುವವರಿಗೆ

ನೊಂದು ಬಂದ ಹೆಂಗಸಿನ ಹತ್ತಿರ ಏನು ಮಾತಾಡಬೇಕು, ಹೇಗೆ ಮಾತಾಡಬೇಕು? ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಹಾಸನದಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವವರು ಕೇಳುತ್ತಾರೆ. ಸಕಲೇಶಪುರ, ಆಲೂರು ಕಡೆಯ ಆಶಾ ಕಾರ್ಯಕರ್ತೆಯರು ಕೇಳುತ್ತಾರೆ. ಸ್ತ್ರೀಶಕ್ತಿ ಸಂಘ ನಡೆಸುವವರು ಕೇಳುತ್ತಾರೆ. ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರಕ್ಕೆ ಹೊಸದಾಗಿ ಸೇರಿದವರಂತೂ ಸೇರಿದ ವಾರವೇ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಓದಿ ಮುಗಿಸಿದರೆ ಕಲಿತ ಹಾಗಾಗುವುದಿಲ್ಲ. ಒಟ್ಟು ಎಂಟು ಹಂತಗಳಿವೆ. ಅಲ್ಲಲ್ಲಿ ಅಭ್ಯಾಸ ಕೊಟ್ಟಿದ್ದೇನೆ, ಅದನ್ನು ಜೊತೆಗಾರರ ಜೊತೆ ಕೂತು ಮಾಡಲೇಬೇಕು.

ಮೊದಲು ಸ್ತ್ರೀವಾದಿ ಆಪ್ತಸಮಾಲೋಚನೆ ಅಂದರೇನು ಅಂತ ನೋಡೋಣ. ಆಪ್ತಸಮಾಲೋಚನೆ ಅಂದರೆ ಕಷ್ಟದಲ್ಲಿರುವವರ ಮಾತನ್ನು ಗುಟ್ಟಾಗಿ, ತೀರ್ಪು ಕೊಡದೆ ಕೇಳಿ, ಅವರೇ ಒಂದು ದಾರಿ ಕಂಡುಕೊಳ್ಳಲು ನೆರವಾಗುವ ಕೆಲಸ. ಅದಕ್ಕೆ ಸ್ತ್ರೀವಾದಿ ನೋಟ ಸೇರಿದಾಗ ಇನ್ನೊಂದು ವಿಷಯವೂ ಲೆಕ್ಕಕ್ಕೆ ಬರುತ್ತದೆ. ಆ ಮನೆಯಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಎನ್ನುವುದು. ಅವಳಿಗೆ ನಿದ್ದೆ ಬರುತ್ತಿಲ್ಲ ಅಂದರೆ ಅದು ಬರೀ ಅವಳ ತಲೆಯೊಳಗಿನ ತೊಂದರೆ ಅಂತ ನಾವು ನೋಡುವುದಿಲ್ಲ. ದುಡ್ಡು ಯಾರ ಹತ್ತಿರ ಇದೆ, ಹೊರಗೆ ಹೋಗಲು ಯಾರನ್ನು ಕೇಳಬೇಕು, ಯಾರಿಗೆ ಯಾರು ಹೆದರುತ್ತಾರೆ, ಇವನ್ನೂ ನೋಡುತ್ತೇವೆ. 1960ರ ದಶಕದ ಕೊನೆಯಲ್ಲಿ, 70ರ ದಶಕದಲ್ಲಿ ಅಮೆರಿಕದ ಹೆಂಗಸರು ಗುಂಪಾಗಿ ಕೂತು ತಮ್ಮ ಮನೆಯ ಕಥೆ ಹೇಳಿಕೊಳ್ಳುತ್ತಾ ಈ ನೋಟವನ್ನು ಬೆಳೆಸಿದರು. ನಮ್ಮಲ್ಲೂ 1979ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಮೋಚನಾದಂಥ ಸಂಘಟನೆಗಳು, 1984ರಲ್ಲಿ ಮುಂಬೈ ಪೊಲೀಸ್ ಇಲಾಖೆಯೊಳಗೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ತೆರೆದ ವಿಶೇಷ ಘಟಕ, ಇವೆಲ್ಲ ಹಿಂಸೆ ಅನುಭವಿಸಿದ ಹೆಂಗಸರ ಪರ ನಿಂತು ಕೆಲಸ ಮಾಡುತ್ತಾ ಬಂದಿವೆ.

ಇದು ಎಷ್ಟು ಮನೆಗಳ ವಿಷಯ ಅನ್ನುವುದಕ್ಕೆ ಒಂದು ಲೆಕ್ಕ ಸಾಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ (2019–21) ಕರ್ನಾಟಕದ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಆ ಸಮೀಕ್ಷೆಯಲ್ಲಿ ದೇಶದಲ್ಲೇ ಇದು ತೀರಾ ಜಾಸ್ತಿ ಇತ್ತು. ಹಾಗಿದ್ದೂ ಹೊರಗೆ ಬಂದು ಸಹಾಯ ಕೇಳುವವರು ಬಹಳ ಕಡಿಮೆ. ನಿಮ್ಮ ಎದುರು ಬಂದು ಕೂತವಳು ಎಷ್ಟೋ ಸಲ ಯೋಚಿಸಿ, ಎಷ್ಟೋ ಸಲ ಹಿಂದೆ ಸರಿದು ಬಂದಿರುತ್ತಾಳೆ.

ಶುರು ಮಾಡುವ ಮುಂಚೆ ಬೇಕಾದದ್ದು ಜಾಸ್ತಿ ಏನಿಲ್ಲ. ಅಭ್ಯಾಸಕ್ಕೆ ಇಬ್ಬರು ಜೊತೆಗಾರರು, ಒಂದು ನೋಟ್‌ಬುಕ್, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಮತ್ತೆ ಈ ಕೆಲಸದಲ್ಲಿ ಪಳಗಿದ ಒಬ್ಬ ಹಿರಿಯರು. ಕೊನೆಯದು ಸಿಗುವುದು ಕಷ್ಟ, ಆದರೆ ಬಿಡಬೇಡಿ. ಅವರು ಯಾಕೆ ಬೇಕು ಅನ್ನುವುದನ್ನು 8ನೇ ಹಂತದಲ್ಲಿ ಹೇಳುತ್ತೇನೆ.

1. ಬಾಯಿಗೆ ಬಂದಿರುವ ಮಾತುಗಳನ್ನು ಮೊದಲು ಪಟ್ಟಿ ಮಾಡಿ

ನಾವೆಲ್ಲ ಪಂಚಾಯ್ತಿಯ ಮಾತು ಕೇಳಿ ಬೆಳೆದವರು. "ಸ್ವಲ್ಪ ಹೊಂದ್ಕೊಂಡು ಹೋಗಮ್ಮ." "ಮಕ್ಕಳ ಮುಖ ನೋಡು." "ಗಂಡ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ." "ನೀನೂ ಎದುರು ಮಾತಾಡಿರ್ತೀಯ." "ನಾಲ್ಕು ಜನ ಏನಂತಾರೆ?" ಇವನ್ನು ಕೆಟ್ಟವರು ಹೇಳುವುದಿಲ್ಲ. ಪ್ರೀತಿಯಿರುವ ಅಮ್ಮ, ಅಕ್ಕ, ಟೀಚರು ಹೇಳುತ್ತಾರೆ. ಅದಕ್ಕೇ ಇವು ನಮ್ಮ ನಾಲಿಗೆಯಲ್ಲಿ ಸಲೀಸಾಗಿ ಕೂತಿವೆ.

ಒಂದು ವಾರ ನಿಮ್ಮ ಮನೆಯಲ್ಲಿ, ಬಸ್ಸಿನಲ್ಲಿ, ಸಂಘದ ಸಭೆಯಲ್ಲಿ ಇಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ಬರೆದುಕೊಳ್ಳಿ. ನೀವೇ ಹೇಳಿದ್ದನ್ನೂ ಬರೆಯಿರಿ. ವಾರದ ಕೊನೆಗೆ ಒಂದೊಂದರ ಎದುರೂ ಒಂದು ಪ್ರಶ್ನೆ ಹಾಕಿ: ಈ ಮಾತು ಹೊಡೆದವನ ಮೇಲೆ ಭಾರ ಹಾಕುತ್ತದೋ, ಹೊಡೆಸಿಕೊಂಡವಳ ಮೇಲೋ? ಬಹುತೇಕ ಎಲ್ಲವೂ ಅವಳ ಮೇಲೇ ಬಿದ್ದಿರುತ್ತವೆ.

ಇಲ್ಲಿ ಎಡವುವುದು ಎರಡು ಕಡೆ. ಕೆಲವರು ಹಳೆಯ ಉಪದೇಶ ಬಿಟ್ಟು ಹೊಸ ಉಪದೇಶ ಹಿಡಿದುಕೊಳ್ಳುತ್ತಾರೆ: "ಬಿಟ್ಟು ಬಂದ್ಬಿಡು, ಕೇಸ್ ಹಾಕು, ನಾವಿದ್ದೀವಿ." ಇದು ಕೇಳಲು ಧೈರ್ಯದ ಮಾತು. ಆದರೆ ಮನೆಯಲ್ಲಿ ಗಂಡ ಅವಳ ಪರವಾಗಿ ತೀರ್ಮಾನ ಮಾಡುತ್ತಿದ್ದ, ಈಗ ನೀವು ಮಾಡುತ್ತೀರಿ. ವ್ಯತ್ಯಾಸ ಏನು ಬಂತು? ಇನ್ನು ಕೆಲವರು ಏನು ಹೇಳಿದರೂ ತಪ್ಪಾದೀತು ಅಂತ ಬಾಯೇ ಬಿಡುವುದಿಲ್ಲ. ಅದೂ ಬೇಡ. "ನಿಮಗೆ ಹೊಡೆದದ್ದು ತಪ್ಪು, ಅದಕ್ಕೆ ನೀವು ಕಾರಣ ಅಲ್ಲ" ಅನ್ನುವುದು ಉಪದೇಶವಲ್ಲ. ಅದನ್ನು ಗಟ್ಟಿಯಾಗಿ, ಕಣ್ಣು ನೋಡಿ ಹೇಳಿ.

2. ಕೂರುವ ಜಾಗ ಮತ್ತು ಮೊದಲ ಐದು ನಿಮಿಷ

ಮೇಜಿನ ಆಚೆ ನೀವು, ಈಚೆ ಅವಳು ಅಂತ ಕೂತರೆ ಅದು ಆಫೀಸಾಗುತ್ತದೆ. ಇಬ್ಬರೂ ಒಂದೇ ಎತ್ತರದಲ್ಲಿ, ಸ್ವಲ್ಪ ಓರೆಯಾಗಿ ಕೂತುಕೊಳ್ಳಿ. ಬಾಗಿಲ ಕಡೆ ದಾರಿ ಅವಳಿಗೆ ತೆರೆದಿರಲಿ. ನೀರು ಕೊಡಿ. ಫೋನ್ ಸೈಲೆಂಟ್ ಮಾಡಿ ದೂರ ಇಡಿ.

ಆಮೇಲೆ ನೀವು ಯಾರು, ಏನು ಮಾಡಬಲ್ಲಿರಿ, ಏನು ಮಾಡಲಾರಿರಿ ಅಂತ ಹೇಳಿ. ಹೀಗೆ: "ನಾನು ಇಲ್ಲಿ ಆಪ್ತಸಮಾಲೋಚಕಿ. ನ್ಯಾಯ ಪಂಚಾಯ್ತಿ ಮಾಡೋಳಲ್ಲ. ನಿಮ್ಮ ಮಾತನ್ನ ನಿಮ್ಮನ್ನ ಕೇಳದೆ ನಿಮ್ಮ ಮನೆಯವರಿಗೆ, ಊರವರಿಗೆ ಹೇಳಲ್ಲ. ಎಷ್ಟು ಹೇಳ್ಬೇಕು ಅನ್ನಿಸುತ್ತೋ ಅಷ್ಟು ಹೇಳಿ, ಎಲ್ಲಿ ಬೇಕಾದ್ರೂ ನಿಲ್ಲಿಸಿ."

ಗುಟ್ಟು ಕಾಪಾಡುವುದಕ್ಕೂ ಒಂದು ಮಿತಿ ಇದೆ, ಅದನ್ನು ಮೊದಲೇ ಹೇಳಿಬಿಡಬೇಕು. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ನಿಮಗೆ ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಹದಿನೇಳಕ್ಕೇ ಮದುವೆ ಮಾಡಿಸಿ ಈಗ ಬಸುರಿಯಾಗಿರುವ ಹುಡುಗಿ ಬಂದರೂ ಈ ಕಾನೂನು ಬರುತ್ತದೆ. ಜೀವಕ್ಕೆ ಅಪಾಯ ಇದ್ದಾಗಲೂ ಒಬ್ಬರೇ ಇಟ್ಟುಕೊಳ್ಳಲು ಆಗುವುದಿಲ್ಲ. ಎಲ್ಲಾ ಕೇಳಿಸಿಕೊಂಡು ಕೊನೆಗೆ "ಇದನ್ನು ನಾನು ಹೇಳಲೇಬೇಕು" ಅಂದರೆ ಅವಳಿಗೆ ಮೋಸ ಹೋದ ಹಾಗಾಗುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅವಳ ನಾದಿನಿ ನಿಮ್ಮ ಚಿಕ್ಕಮ್ಮನ ಪಕ್ಕದ ಮನೆಯವಳಾಗಿರಬಹುದು. ಪರಿಚಯ ಇದ್ದರೆ ಮುಚ್ಚಿಡಬೇಡಿ. "ನಿಮ್ಮ ಊರಲ್ಲಿ ನಂಗೆ ನೆಂಟರಿದ್ದಾರೆ, ನಿಮ್ಗೆ ಕಷ್ಟ ಅನ್ಸಿದ್ರೆ ಬೇರೆಯವರ ಹತ್ರ ಮಾತಾಡಿಸ್ತೀನಿ" ಅಂತ ಅವಳಿಗೇ ಬಿಡಿ. ಆಮೇಲೆ ಹೊರಗೆ ಸಿಕ್ಕಾಗ, ಸಂತೆಯಲ್ಲಿ, ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ, ಅವಳಾಗಿ ಮಾತಾಡಿಸದ ಹೊರತು ನೀವಾಗಿ ಮಾತಾಡಿಸಬೇಡಿ. ಈ ಮಾತನ್ನೂ ಮೊದಲ ದಿನವೇ ಹೇಳಿಡಿ, ಇಲ್ಲವಾದರೆ ಗುರುತು ಹಿಡಿಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾಳೆ.

ಜೊತೆಗೆ ಬಂದವರನ್ನು ಏನು ಮಾಡುವುದು? ಅತ್ತೆಯೋ, ಅಣ್ಣನೋ, ಕೆಲವು ಸಲ ಕಾಫಿ ತೋಟದ ಲೆಕ್ಕ ಬರೆಯುವ ರೈಟರೋ ಬಂದು ಪಕ್ಕದಲ್ಲೇ ಕೂತು ಅವಳ ಬದಲು ತಾವೇ ಉತ್ತರ ಕೊಡುತ್ತಾರೆ. ಜಗಳ ಬೇಡ. "ಎಲ್ಲರ ಹತ್ರಾನೂ ಒಬ್ಬೊಬ್ಬರಾಗೇ ಮಾತಾಡೋದು ಇಲ್ಲಿಯ ಪದ್ಧತಿ, ನಿಮ್ಮ ಹತ್ರಾನೂ ಆಮೇಲೆ ಕೂರ್ತೀನಿ" ಅನ್ನಿ. ಪದ್ಧತಿ ಅಂದರೆ ಯಾರಿಗೂ ಅವಮಾನ ಆಗುವುದಿಲ್ಲ.

3. ಕೇಳಿಸಿಕೊಳ್ಳುವುದು

ಎಲ್ಲರೂ ಇದು ತಮಗೆ ಬರುತ್ತದೆ ಅಂದುಕೊಂಡಿರುತ್ತಾರೆ. ಒಂದು ಅಭ್ಯಾಸ ಮಾಡಿ ನೋಡಿ. ಇಬ್ಬರು ಎದುರುಬದುರು ಕೂರಿ. ಒಬ್ಬರು ಹತ್ತು ನಿಮಿಷ ತಮ್ಮದೇ ಒಂದು ಸಣ್ಣ ತೊಂದರೆ ಹೇಳಲಿ. ಇನ್ನೊಬ್ಬರು ಸಲಹೆ ಕೊಡುವಂತಿಲ್ಲ, ತಮ್ಮ ಕಥೆ ಹೇಳುವಂತಿಲ್ಲ, ಪ್ರಶ್ನೆಯನ್ನೂ ಕೇಳುವಂತಿಲ್ಲ. "ಹ್ಞೂಂ", "ಆಮೇಲೆ?", ತಲೆಯಾಡಿಸುವುದು, ಇಷ್ಟೇ. ಮೂರನೇ ನಿಮಿಷಕ್ಕೇ ಬಾಯಿ ತುರಿಸಲು ಶುರುವಾಗುತ್ತದೆ. ಆ ತುರಿಕೆ ಯಾವ ಮಾತಿಗೆ ಬಂತು ಅಂತ ಗಮನಿಸಿ ಬರೆದುಕೊಳ್ಳಿ.

ಮೌನಕ್ಕೆ ಹೆದರಬೇಡಿ. ಅವಳು ಸೆರಗಿನ ತುದಿ ಸುತ್ತುತ್ತಾ ನೆಲ ನೋಡುತ್ತಾ ಕೂತಿದ್ದರೆ ಒಳಗೆ ಏನೋ ನಡೆಯುತ್ತಿದೆ ಅಂತ ಅರ್ಥ. ಅತ್ತರೆ ಅಳಲಿ. "ಅಳಬೇಡಿ" ಅನ್ನುವುದು ನಮ್ಮ ಸಂಕಟ ತಾಳಲಾರದೆ ನಾವು ಹೇಳುವ ಮಾತು. "ಅಯ್ಯೋ ಪಾಪ" ಕೂಡ ಬೇಡ. ಪಾಪ ಅನ್ನುವವರು ಮೇಲೆ ನಿಂತಿರುತ್ತಾರೆ. ಅವಳ ಜಾಗದಲ್ಲಿ ನಿಂತು ಅವಳಿಗೆ ಹೇಗಿರಬಹುದು ಅಂತ ಅರಿಯುವುದೇ ಬೇರೆ, ಅದಕ್ಕೆ ಅನುಭೂತಿ ಅನ್ನುತ್ತಾರೆ.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಚುಟುಕಾಗಿ ತಿರುಗಿ ಹೇಳುವುದು ಮುಂದಿನ ಅಭ್ಯಾಸ. "ಅಂದ್ರೆ, ಅವರ ಬೈಕ್ ಸದ್ದು ಕೇಳಿದ್ರೆ ಸಾಕು, ಕೈಕಾಲು ನಡುಗುತ್ತೆ ಅಂದ್ರಿ." ಇದಕ್ಕೆ ಪ್ರತಿಫಲನ ಅನ್ನುತ್ತಾರೆ. ಇದರಿಂದ ನೀವು ಕೇಳಿಸಿಕೊಂಡಿರಿ ಅಂತ ಅವಳಿಗೆ ಗೊತ್ತಾಗುತ್ತದೆ, ತಪ್ಪಾಗಿ ಕೇಳಿಸಿಕೊಂಡಿದ್ದರೆ ತಿದ್ದುತ್ತಾಳೆ. ಅವಳ ಮಾತನ್ನು ಪುಸ್ತಕದ ಮಾತಿಗೆ ಬದಲಿಸಬೇಡಿ. ಅವಳು "ಒಂಥರಾ ಸಂಕಟ" ಅಂದರೆ ನೀವು "ಖಿನ್ನತೆ" ಅನ್ನಬೇಡಿ.

ನಮ್ಮ ಕಡೆಯ ಹೆಂಗಸರು ಮನಸ್ಸಿನ ನೋವನ್ನು ಮೈಯಿಂದಲೇ ಹೇಳುವುದು ಜಾಸ್ತಿ. ಎದೆ ಡವಡವ, ತಲೆ ಭಾರ, ಹೊಟ್ಟೆಯೊಳಗೆ ಸಂಕಟ, ಮೈಕೈ ನೋವು, ಸುಸ್ತು, ಊಟ ಸೇರಲ್ಲ. ಗಾಳಿ ಸೋಕಿದೆ ಅಂತ ದೇವರ ಹತ್ತಿರ ಕೇಳಿಸಿಕೊಂಡು ಬಂದಿರುತ್ತಾರೆ. ಇದನ್ನು ಅಲ್ಲಗಳೆಯಬೇಡಿ, ನಗಬೇಡಿ. "ಈ ಡವಡವ ಯಾವಾಗ ಜಾಸ್ತಿ? ಹಗಲಾ, ರಾತ್ರಿನಾ? ಮನೇಲಿ ಯಾರಿದ್ದಾಗ?" ಅಂತ ಕೇಳಿ. ಸಂಜೆ ಏಳರ ಮೇಲೆ ಜಾಸ್ತಿ, ತವರಿಗೆ ಹೋದರೆ ಇರಲ್ಲ ಅಂತ ಉತ್ತರ ಬಂದರೆ ಅರ್ಧ ಕಥೆ ಅಲ್ಲೇ ಸಿಕ್ಕಿತು, ಅಲ್ವಾ? ಮೈ ನೋವಿಗೆ ಡಾಕ್ಟರನ್ನೂ ಕಾಣಿಸಿ, ರಕ್ತ ಕಡಿಮೆಯಾಗಿಯೋ ಥೈರಾಯ್ಡಿನಿಂದಲೋ ಸುಸ್ತಿರಬಹುದು.

4. ಪ್ರಶ್ನೆ ಕೇಳುವುದು

"ಯಾಕೆ" ಇಂದ ಶುರುವಾಗುವ ಪ್ರಶ್ನೆಗಳನ್ನು ಸದ್ಯಕ್ಕೆ ಬಿಟ್ಟುಬಿಡಿ. "ಯಾಕೆ ಹೊಡೆದ್ರು?" ಅಂದರೆ ಹೊಡೆಯಲು ಒಂದು ಕಾರಣ ಇತ್ತು ಅಂತ ಒಪ್ಪಿಕೊಂಡ ಹಾಗೆ. "ಇಷ್ಟು ದಿನ ಯಾಕೆ ಸುಮ್ನಿದ್ರಿ?" ಅಂದರೆ ತಪ್ಪು ಅವಳದೇ ಅಂದ ಹಾಗೆ. ಅದರ ಬದಲು "ಅವತ್ತು ಏನಾಯ್ತು?", "ಇಷ್ಟು ದಿನ ಹೇಗೆ ತಡ್ಕೊಂಡ್ರಿ?" ಅನ್ನಿ. ಎರಡನೆಯ ಪ್ರಶ್ನೆಗೆ ಅವಳು ಮಾಡಿದ ಉಪಾಯಗಳೆಲ್ಲ ಹೊರಗೆ ಬರುತ್ತವೆ. ಮಗಳನ್ನು ಪಕ್ಕದ ಮನೆಯಲ್ಲಿ ಮಲಗಿಸುತ್ತಿದ್ದದ್ದು, ಕತ್ತಿ ಮಚ್ಚು ಬಚ್ಚಿಡುತ್ತಿದ್ದದ್ದು, ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಟ್ಟದ್ದು. ಅವಳು ಸುಮ್ನೆ ಕೂತಿರಲಿಲ್ಲ ಅಂತ ಅವಳಿಗೇ ಕಾಣುತ್ತದೆ.

ಹಿಂಸೆಯ ಬಗ್ಗೆ ನೇರವಾಗಿ ಕೇಳಲು ಕಲಿಯಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ನಾಲ್ಕು ಬಗೆ ಗುರುತಿಸುತ್ತದೆ: ಮೈಮೇಲಿನ ಹಿಂಸೆ, ಲೈಂಗಿಕ ಹಿಂಸೆ, ಮಾತಿನ ಮತ್ತು ಮನಸ್ಸಿನ ಹಿಂಸೆ, ಹಣಕಾಸಿನ ಹಿಂಸೆ. ಹೊಡೆತದ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಳಿದದ್ದು ತಪ್ಪಿಹೋಗುತ್ತದೆ.

ದುಡ್ಡಿನ ಬಗ್ಗೆ ಹೀಗೆ ಕೇಳಿ: ತೋಟದ ಬಟವಾಡೆ (ಕೂಲಿ ದುಡ್ಡು) ಯಾರ ಕೈಗೆ ಹೋಗುತ್ತೆ? ಗೃಹಲಕ್ಷ್ಮಿಯ ಎರಡು ಸಾವಿರ ಬಂದಾಗ ಎಟಿಎಂ ಕಾರ್ಡ್ ಯಾರ ಹತ್ರ ಇರುತ್ತೆ? ಸಂಘದಲ್ಲಿ ನಿಮ್ಮ ಹೆಸರಲ್ಲಿ ತೆಗೆದ ಸಾಲ ಯಾವುದಕ್ಕೆ ಖರ್ಚಾಯ್ತು, ಕಂತು ಯಾರು ಕಟ್ತಿದ್ದಾರೆ? ತವರಿನ ಒಡವೆ ಈಗ ಎಲ್ಲಿದೆ? ಸಾಲ ಅವಳ ಹೆಸರಲ್ಲಿ, ಬೈಕು ಅವನ ಹೆಸರಲ್ಲಿ ಇರುವುದು ನಮ್ಮ ಕಡೆ ಹೊಸದೇನಲ್ಲ.

ಲೈಂಗಿಕ ಹಿಂಸೆಯ ಬಗ್ಗೆ ಮೊದಲ ಭೇಟಿಯಲ್ಲೇ ಎಲ್ಲಾ ಹೇಳುತ್ತಾಳೆ ಅಂತ ಕಾಯಬೇಡಿ, ಆದರೆ ಬಾಗಿಲು ತೆರೆದಿಡಿ. "ಕೆಲವು ಹೆಂಗಸರು ಹೇಳ್ತಾರೆ, ಬೇಡ ಅಂದ್ರೂ ಬಿಡಲ್ಲ, ಮೈಗೆ ಹುಷಾರಿಲ್ಲದಾಗ್ಲೂ ಬಿಡಲ್ಲ ಅಂತ. ನಿಮ್ಗೂ ಹಾಗೇನಾದ್ರೂ?" ಇದನ್ನು ಕೇಳುವಾಗ ನಿಮ್ಮ ದನಿ ತಗ್ಗಿಹೋದರೆ, ಕಣ್ಣು ಬೇರೆ ಕಡೆ ಹೋದರೆ ಅವಳು ಹೇಳುವುದಿಲ್ಲ. ಜೊತೆಗಾರರ ಎದುರು ಈ ವಾಕ್ಯವನ್ನು ಸಲೀಸಾಗುವ ತನಕ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ನಾಚಿಕೆ ಅಭ್ಯಾಸದಲ್ಲೇ ಕಳೆಯಲಿ.

5. ಅವಳ ನೋವನ್ನು ಮನೆಯ ಅಧಿಕಾರದ ಜೊತೆ ಜೋಡಿಸುವುದು

ಸ್ತ್ರೀವಾದಿ ಆಪ್ತಸಮಾಲೋಚನೆಯ ಜೀವ ಇರುವುದು ಇಲ್ಲಿ. ಮೇಲಿನ ಹಂತಗಳು ಯಾವ ಆಪ್ತಸಮಾಲೋಚಕರಿಗಾದರೂ ಬೇಕು. ಇದು ನಮ್ಮ ಕೆಲಸದ್ದೇ. ಕಷ್ಟ ಏನೆಂದರೆ ಇದನ್ನು ಭಾಷಣ ಮಾಡಿ ಹೇಳುವಂತಿಲ್ಲ. "ಇದು ಪುರುಷಪ್ರಧಾನ ಸಮಾಜ" ಅಂತ ಅವಳಿಗೆ ಹೇಳಿ ಏನು ಪ್ರಯೋಜನ? ಅವಳು ಅದರೊಳಗೇ ಇದ್ದಾಳೆ. ಪ್ರಶ್ನೆಯಿಂದ ಅವಳೇ ಅಲ್ಲಿಗೆ ಬರಬೇಕು.

ಅಭ್ಯಾಸಕ್ಕೆ ಈ ಮಾತುಕತೆ ಇಟ್ಟುಕೊಳ್ಳಿ.

"ಅವರು ಒಳ್ಳೇರೇ ಮೇಡಂ. ಕುಡಿದಾಗ ಮಾತ್ರ."
"ಕುಡಿದು ಬರುವಾಗ ದಾರೀಲಿ ಯಾರಿಗಾದ್ರೂ ಹೊಡೀತಾರಾ?"
"ಇಲ್ಲ. ಸೀದಾ ಮನೆಗೇ ಬರ್ತಾರೆ."
"ಕುಡಿದಾಗ ತೋಟದ ಓನರ್ ಎದುರಿಗೆ ಸಿಕ್ಕಿದ್ರೆ?"
"ಅಯ್ಯೋ, ಅವರ ಮುಂದೆ ಉಸಿರೆತ್ತಲ್ಲ."

ಇಲ್ಲಿ ನಿಲ್ಲಿಸಿ. ಏನೂ ವಿವರಿಸಬೇಡಿ. ಯಾರಿಗೆ ಹೊಡೆಯಬಹುದು, ಯಾರಿಗೆ ಹೊಡೆಯಬಾರದು ಅನ್ನುವುದು ಕುಡಿದಾಗಲೂ ಅವನಿಗೆ ಗೊತ್ತಿದೆ ಅಂತ ಅವಳಿಗೆ ಹೊಳೆಯಲು ಒಂದೆರಡು ನಿಮಿಷ ಬೇಕು. ಆ ನಿಮಿಷಗಳನ್ನು ಕೊಡಿ. ಮದ್ಯವರ್ಜನ ಶಿಬಿರಕ್ಕೆ ಕಳಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತ ನಾವೂ ನಂಬಿಬಿಡುತ್ತೇವೆ. ಕುಡಿತ ಬಿಡಿಸುವುದು ಒಳ್ಳೆಯದೇ, ಆದರೆ ಕುಡಿಯದೆಯೂ ಹೊಡೆಯುವ ಗಂಡಸರಿದ್ದಾರೆ, ಕುಡಿದೂ ಹೊಡೆಯದವರಿದ್ದಾರೆ. ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಅಧಿಕಾರ ಅಂದರೆ ಗಂಡ ಹೆಂಡತಿಯ ಮಧ್ಯೆ ಮಾತ್ರ ಅಲ್ಲ. ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲು ಮನೆಯಲ್ಲಿರುವ ದಲಿತ ಹೆಂಗಸು ಗಂಡನ ವಿರುದ್ಧ ದೂರು ಕೊಟ್ಟರೆ ಇಬ್ಬರ ಕೆಲಸವೂ ಹೋಗಬಹುದು, ಮನೆಯೂ ಹೋಗಬಹುದು, ಯಾಕೆಂದರೆ ಮನೆ ತೋಟದ್ದು. ಎಸ್ಟೇಟ್ ಮಾಲೀಕರ ಮನೆಯ ಸೊಸೆಗೆ ದುಡ್ಡಿನ ಕೊರತೆ ಇರುವುದಿಲ್ಲ, ಆದರೆ ಮನೆತನದ ಮರ್ಯಾದೆ ಬಾಯಿ ಕಟ್ಟಿಹಾಕುತ್ತದೆ, ಗಂಡನ ಕಡೆಯವರಿಗೆ ಠಾಣೆಯಲ್ಲೂ ಪರಿಚಯ ಇರುತ್ತದೆ. ಇಬ್ಬರಿಗೂ ಒಂದೇ ದಾರಿ ತೋರಿಸಲಾಗದು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟಕ್ಕೆ ಬಂದ ಹೆಂಗಸಿಗೆ ಭಾಷೆಯೇ ಬರುವುದಿಲ್ಲ. ಗಂಡನನ್ನೋ ಮೇಸ್ತ್ರಿಯನ್ನೋ ದುಭಾಷಿ ಮಾಡಿಕೊಂಡು ಕೂರಬೇಡಿ, ಮಕ್ಕಳನ್ನಂತೂ ಬೇಡವೇ ಬೇಡ.

ನಿಮ್ಮ ಜಾತಿ, ನಿಮ್ಮ ಓದು, ನೀವು ಹಾಕಿದ ಬಟ್ಟೆ, ಎಲ್ಲವೂ ಆ ಕೋಣೆಯಲ್ಲಿ ಕೂತಿರುತ್ತವೆ. ಅವಳು ನೆಲದ ಮೇಲೆ ಕೂರಲು ಹೋದರೆ, ನೀವು ಕೊಟ್ಟ ಲೋಟ ಮುಟ್ಟಲು ಹಿಂಜರಿದರೆ, ಅದನ್ನು ನೋಡಿಯೂ ನೋಡದ ಹಾಗೆ ಇರಬೇಡಿ. ಕುರ್ಚಿ ಎಳೆದು ಕೂರಿಸಿ, ನೀವೂ ಅದೇ ಥರದ ಲೋಟದಲ್ಲಿ ಕುಡಿಯಿರಿ.

6. ಅಪಾಯ ಎಷ್ಟಿದೆ ಅಂತ ಅಳೆಯುವುದು

ಇದನ್ನು ಎಂದೂ ಬಿಡುವಂತಿಲ್ಲ. ಕೇಳಬೇಕಾದದ್ದು: ಕುತ್ತಿಗೆ ಹಿಸುಕಿದ್ದಾನಾ? ಕೊಲ್ಲುತ್ತೇನೆ ಅಂದಿದ್ದಾನಾ? ಮಚ್ಚು, ಕೋವಿ ಏನಾದರೂ ತೋರಿಸಿದ್ದಾನಾ? ಹೊಡೆತ ಇತ್ತೀಚೆಗೆ ಜಾಸ್ತಿಯಾಗಿದೆಯಾ? ಬಸುರಿಯಾಗಿದ್ದಾಗ ಹೊಡೆದಿದ್ದಾನಾ? ಅವಳು ಬಿಟ್ಟುಹೋಗುತ್ತೇನೆ ಅಂದಿದ್ದಕ್ಕೆ ಏನು ಮಾಡಿದ? ಕುತ್ತಿಗೆ ಹಿಸುಕಿದ್ದು ಇದ್ದರೆ ಗುರುತು ಕಾಣದಿದ್ದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದೆ ಕೊಲೆಯಾಗುವ ಅಪಾಯ ಇಂಥ ಕಡೆ ಹಲವು ಪಟ್ಟು ಜಾಸ್ತಿ. ಅವತ್ತೇ ಡಾಕ್ಟರಿಗೆ ತೋರಿಸಬೇಕು. ಬಿಟ್ಟು ಹೊರಡುವ ಹೊತ್ತೂ, ಹೊರಟ ಮೇಲಿನ ದಿನಗಳೂ ಬಹಳ ಅಪಾಯದವು, ಅದಕ್ಕೇ "ಬಂದ್ಬಿಡು" ಅನ್ನುವ ಮಾತನ್ನು ಮೊದಲ ಹಂತದಲ್ಲೇ ಬೇಡ ಅಂದದ್ದು.

ಸಾಯುವ ಯೋಚನೆಯ ಬಗ್ಗೆಯೂ ನೇರವಾಗಿ ಕೇಳಿ. "ಜೀವ ಬೇಡ ಅನ್ನಿಸಿದ್ದಿದೆಯಾ? ಹೇಗೆ ಅಂತ ಯೋಚ್ನೆ ಮಾಡಿದ್ರಾ?" ಕೇಳಿದರೆ ತಲೆಯಲ್ಲಿ ಹುಳ ಬಿಟ್ಟ ಹಾಗಾಗುತ್ತದೆ ಅನ್ನುವುದು ತಪ್ಪು ನಂಬಿಕೆ. ಕೇಳಿದಾಗ ಎಷ್ಟೋ ಜನ ಹಗುರಾಗುತ್ತಾರೆ. ತೋಟದ ಮನೆಗಳಲ್ಲಿ ಕ್ರಿಮಿನಾಶಕ, ಕಳೆನಾಶಕ ಕೈಗೆ ಸಿಗುವ ಹಾಗೆ ಇರುತ್ತದೆ. ಅದು ಎಲ್ಲಿದೆ, ಯಾರ ಹತ್ತಿರ ಬೀಗ ಇಡಿಸಬಹುದು ಅಂತ ಆ ಕ್ಷಣವೇ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಯೋಚನೆ ಗಟ್ಟಿಯಾಗಿದ್ದರೆ ಒಬ್ಬಳನ್ನೇ ಮನೆಗೆ ಕಳಿಸಬೇಡಿ, ಮನೋವೈದ್ಯರ ಹತ್ತಿರ ನೀವೇ ಕರೆದುಕೊಂಡು ಹೋಗಿ.

ಆಮೇಲೆ ಅವಳ ಜೊತೆ ಕೂತು ಸುರಕ್ಷತೆಯ ಯೋಜನೆ ಮಾಡಬೇಕು. ಅಂದರೆ ಜಗಳ ಜೋರಾದರೆ ಎಲ್ಲಿಗೆ, ಹೇಗೆ, ಏನು ಹಿಡಿದುಕೊಂಡು ಹೋಗುವುದು ಅನ್ನುವ ಲೆಕ್ಕಾಚಾರ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ದಿನವೂ ನುಂಗುವ ಮಾತ್ರೆ, ಒಂದಿಷ್ಟು ಚಿಲ್ಲರೆ, ಇವನ್ನು ನಂಬಿಕೆಯ ಮನೆಯಲ್ಲಿ ಇಡಬಹುದಾ? ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿಗೆ ದುಡ್ಡು ಬೇಡ, ಆದರೆ ಗುರುತಿನ ಚೀಟಿ ಬೇಕು, ಗಂಡ ಮೊದಲು ಕಿತ್ತುಕೊಳ್ಳುವುದೂ ಅದನ್ನೇ. ಊರಿಂದ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಅದು ಹೋದ ಮೇಲೆ ಯಾರ ಮನೆ? ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟಗಳ ನಡುವೆ ಆನೆ ಓಡಾಡುತ್ತಿರುತ್ತವೆ, ರಾತ್ರಿ ಓಡಿಹೋಗು ಅಂತ ಸುಮ್ನೆ ಹೇಳಿಬಿಡುವ ಹಾಗಿಲ್ಲ. ಹತ್ತಿರದ ಯಾವ ಮನೆಯಲ್ಲಿ ಬಾಗಿಲು ತೆಗೆಯುತ್ತಾರೆ ಅನ್ನುವುದು ಅವಳಿಗೇ ಚೆನ್ನಾಗಿ ಗೊತ್ತು. ಪಟ್ಟಣದ ತರಬೇತಿಯ ಕಾಗದದಲ್ಲಿ ಇದೆಲ್ಲ ಇರುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು.

7. ದಾರಿಗಳನ್ನು ಹೇಳುವುದು, ಆಯ್ಕೆ ಅವಳಿಗೆ ಬಿಡುವುದು

ಮಾಹಿತಿ ಕೊಡುವುದೂ ಮಾತಿನ ಕೌಶಲವೇ. ಒಂದೇ ಸಲ ಹತ್ತು ಕಾನೂನು ಹೇಳಿದರೆ ತಲೆಗೆ ಹೋಗುವುದಿಲ್ಲ. ಅವಳು ಯಾವುದಕ್ಕೆ ಹೆದರುತ್ತಿದ್ದಾಳೋ ಅದಕ್ಕೆ ಸಂಬಂಧಪಟ್ಟದ್ದನ್ನು ಮೊದಲು ಹೇಳಿ.

"ಮನೆಯಿಂದ ಹೊರಗೆ ಹಾಕ್ತಾರೆ" ಅನ್ನುವ ಹೆದರಿಕೆ ಇದ್ದರೆ: ಮನೆ ಅವಳ ಹೆಸರಲ್ಲಿ ಇಲ್ಲದಿದ್ದರೂ ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು 2005ರ ಕಾಯ್ದೆಯಲ್ಲಿ ಇದೆ. ಅದೇ ಕಾಯ್ದೆಯಲ್ಲಿ ರಕ್ಷಣೆಯ ಆದೇಶ, ಜೀವನಕ್ಕೆ ದುಡ್ಡು, ಮಕ್ಕಳನ್ನು ತನ್ನ ಹತ್ತಿರ ಇಟ್ಟುಕೊಳ್ಳುವ ಆದೇಶವನ್ನೂ ಕೇಳಬಹುದು. ಹೆಂಡತಿ ಮಾತ್ರ ಅಲ್ಲ, ತಾಯಿ, ಅಕ್ಕ, ಮಗಳೂ ಕೇಳಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ, ಈ ಕಾಯ್ದೆಯ ಸಂರಕ್ಷಣಾಧಿಕಾರಿಯೂ ಹೌದು. ಕೋರ್ಟಿಗೆ ಅರ್ಜಿ ಅಲ್ಲಿಂದ ಹೋಗಬಹುದು.

"ಲಾಯರಿಗೆ ದುಡ್ಡಿಲ್ಲ" ಅಂದರೆ: ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, 15100ಕ್ಕೆ ಫೋನ್ ಮಾಡಬಹುದು. "ಇವತ್ತು ರಾತ್ರಿ ಎಲ್ಲಿರಲಿ" ಅಂದರೆ: ಜಿಲ್ಲೆಯ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸ್ ಮತ್ತು ಕಾನೂನಿನ ನೆರವು, ಆಪ್ತಸಮಾಲೋಚನೆ, ಕೆಲವು ದಿನದ ಆಶ್ರಯ ಒಂದೇ ಕಡೆ ಸಿಗುತ್ತವೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಗಂಡ ಅಥವಾ ಅವನ ಮನೆಯವರ ಕ್ರೌರ್ಯಕ್ಕೆ ಪೊಲೀಸ್ ದೂರು ಕೊಡುವುದಾದರೆ ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಆಗಿದೆ, 2024ರ ಜುಲೈ 1ರಿಂದ.

ಎಲ್ಲಾ ಹೇಳಿ "ಇದರಲ್ಲಿ ಯಾವುದು ನಿಮಗೆ ಸರಿ ಅನ್ಸುತ್ತೆ? ಯಾವುದನ್ನ ನೆನೆಸಿಕೊಂಡ್ರೆ ಭಯ ಆಗುತ್ತೆ?" ಅಂತ ಕೇಳಿ. ಅವಳು "ಸದ್ಯಕ್ಕೆ ಮನೆಗೇ ಹೋಗ್ತೀನಿ" ಅಂದರೆ ಮುಖ ಸಣ್ಣ ಮಾಡಬೇಡಿ. ಕಾಫಿ ಕೊಯ್ಲು ಮುಗಿದು ಕೂಲಿ ಕೈಗೆ ಬರುವ ತನಕ, ಮಗಳ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಅಂತ ಅವಳದೇ ಲೆಕ್ಕ ಇರುತ್ತದೆ. ಆ ಲೆಕ್ಕದ ಒಳಗೇ ಸುರಕ್ಷತೆ ಹೇಗೆ ಅಂತ ಯೋಚಿಸಿ.

ಗಂಡನನ್ನೂ ಕರೆಸಿ ಕೂರಿಸಿ ಅಂತ ಎಲ್ಲರೂ ಒತ್ತಾಯ ಮಾಡುತ್ತಾರೆ. ಅವಳು ಬೇಕು ಅಂದರೆ ಮಾತ್ರ, ಅಪಾಯ ಅಳೆದ ಮೇಲೆ ಮಾತ್ರ, ಮೊದಲು ಅವನನ್ನು ಬೇರೆಯಾಗಿ ಕಂಡ ಮೇಲೆ ಮಾತ್ರ. ಒಟ್ಟಿಗೆ ಕೂರಿಸಿದಾಗ ಅವಳು ಹೇಳಿದ್ದಕ್ಕೆ ಮನೆಯಲ್ಲಿ ಪೆಟ್ಟು ಬೀಳಬಹುದು. ಕೌಟುಂಬಿಕ ಹಿಂಸೆ ನಿಯಮಗಳು, 2006ರಲ್ಲಿ 14ನೇ ನಿಯಮ ಓದಿಟ್ಟುಕೊಳ್ಳಿ. ಕೋರ್ಟು ಕಳಿಸಿದ ಆಪ್ತಸಮಾಲೋಚನೆಯಲ್ಲಿ ಗಂಡ ತಾನು ಮಾಡಿದ ಹಿಂಸೆಗೆ ಸಮರ್ಥನೆ ಕೊಡುವಂತಿಲ್ಲ, ಅದನ್ನು ಶುರುವಿನಲ್ಲೇ ಅವನಿಗೆ ತಿಳಿಸಬೇಕು ಅಂತ ಅದರಲ್ಲಿದೆ. "ಅವಳು ಎದುರು ಮಾತಾಡಿದ್ಲು, ಅದಕ್ಕೆ" ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ಕೋರ್ಟಿನ ಹೊರಗೆ ಕೂರಿಸಿದಾಗಲೂ ನೀವು ಇದೇ ಪದ್ಧತಿ ಇಟ್ಟುಕೊಳ್ಳಿ. ರಾಜಿ ಪತ್ರಕ್ಕೆ ಸಹಿ ಹಾಕಿಸಿ ಕಳಿಸುವುದನ್ನು ಕೆಲಸ ಮುಗಿದ ಲೆಕ್ಕಕ್ಕೆ ಬರೆಯಬೇಡಿ.

8. ಅಭ್ಯಾಸ ಮತ್ತು ಹಿರಿಯರ ಮೇಲ್ವಿಚಾರಣೆ

ಮೂವರು ಸೇರಿ ಪಾತ್ರಾಭಿನಯ ಮಾಡಿ. ಒಬ್ಬರು ಬಂದವಳು, ಒಬ್ಬರು ಆಪ್ತಸಮಾಲೋಚಕಿ, ಮೂರನೆಯವರು ನೋಡಿ ಬರೆದುಕೊಳ್ಳುವವರು. ಇಪ್ಪತ್ತು ನಿಮಿಷ ಆಡಿ, ಆಮೇಲೆ ಪಾತ್ರ ಬದಲಿಸಿ. ಬಂದವಳ ಪಾತ್ರ ಮಾಡಿದವರು ಮೊದಲು ಮಾತಾಡಲಿ: ಯಾವ ಮಾತಿಗೆ ಬಾಯಿ ಬಿಡೋಣ ಅನ್ನಿಸಿತು, ಯಾವ ಮಾತಿಗೆ ಮುಚ್ಚಿಕೊಳ್ಳೋಣ ಅನ್ನಿಸಿತು? ಕಲಿಕೆ ಆಗುವುದು ಆ ಉತ್ತರದಲ್ಲಿ. ಪಾತ್ರಾಭಿನಯವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಿಜವಾದ ಭೇಟಿಯನ್ನು ರೆಕಾರ್ಡ್ ಮಾಡಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ಹಿಂಸೆ ಅನುಭವಿಸಿದ ಹೆಂಗಸರಿಗೆ ಮೊದಲ ನೆರವು ಕೊಡಲು 'ಲೈವ್ಸ್' (LIVES, ಐದು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು) ಅನ್ನುವ ಐದು ಹೆಜ್ಜೆ ಹೇಳುತ್ತದೆ. ಕೇಳಿಸಿಕೊಳ್ಳಿ, ಏನು ಬೇಕು ಅಂತ ವಿಚಾರಿಸಿ, ನಿಮ್ಮ ಮಾತನ್ನು ನಂಬುತ್ತೇನೆ ಅಂತ ತಿಳಿಸಿ, ಸುರಕ್ಷತೆ ಹೆಚ್ಚಿಸಿ, ಮುಂದಿನ ನೆರವಿಗೆ ಜೋಡಿಸಿ. ಆಶಾ, ಅಂಗನವಾಡಿಯವರಿಗೆ ಇಷ್ಟು ಬಂದರೂ ಬಹಳ ಆಯಿತು. ಪೂರ್ತಿ ಆಪ್ತಸಮಾಲೋಚನೆ ಮಾಡಬೇಕು ಅನ್ನುವವರು ಎಂಎಸ್‌ಡಬ್ಲ್ಯು ಅಥವಾ ಮನಃಶಾಸ್ತ್ರ ಓದಿ, ಅದರ ಜೊತೆಗೆ ಮಹಿಳಾ ಸಂಘಟನೆಯೊಂದರಲ್ಲಿ ಕೆಲಸ ಮಾಡಿ. ಬರೀ ಮನಃಶಾಸ್ತ್ರ ಓದಿದವರಿಗೆ ಐದನೇ ಹಂತ ಕಾಣದೆ ಹೋಗುವುದು ಸಾಮಾನ್ಯ. ಸಂಘಟನೆಯಿಂದ ಮಾತ್ರ ಬಂದವರು ಮೂರನೇ ಹಂತದಲ್ಲಿ ತಾಳ್ಮೆ ಕಳೆದುಕೊಳ್ಳುತ್ತಾರೆ.

ಮೇಲ್ವಿಚಾರಣೆ ಅಂದರೆ ತಪಾಸಣೆ ಅಲ್ಲ. ಹೆಸರು, ಊರು ಹೇಳದೆ ನಿಮ್ಮ ಭೇಟಿಯ ಬಗ್ಗೆ ಹಿರಿಯರ ಹತ್ತಿರ ಮಾತಾಡುವುದು. ಅವಳು ಹೀಗಂದಳು, ನಾನು ಹೀಗಂದೆ ಅಂತ ನೆನಪಿದ್ದಷ್ಟು ಬರೆದುಕೊಂಡು ಹೋಗಿ. ಯಾವ ಮಾತು ಕೇಳಿದಾಗ ನಿಮಗೆ ಸಿಟ್ಟು ಬಂತು, ಎಲ್ಲಿ ನಿದ್ದೆಗೆಟ್ಟಿರಿ ಅನ್ನುವುದನ್ನೂ ಹೇಳಿಕೊಳ್ಳಿ. ನಿಮ್ಮ ಮನೆಯಲ್ಲೂ ಇದೇ ನಡೆದಿದ್ದರೆ ಅವಳ ಕಥೆ ನಿಮ್ಮ ಕಥೆಯ ಜೊತೆ ಕಲೆತುಹೋಗುತ್ತದೆ. ಅಂಥ ಹೊತ್ತಿನಲ್ಲಿ ನಿಮಗೂ ಒಬ್ಬ ಆಪ್ತಸಮಾಲೋಚಕಿ ಬೇಕು, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ಇನ್ನು ಮುಂದಿನ ಭೇಟಿ. ಇದನ್ನು ಮಾತಾಡದೆ ಅವಳನ್ನು ಕಳಿಸಬೇಡಿ. ಫೋನ್ ಅವಳದೇನಾ, ಗಂಡ ನೋಡುತ್ತಾನಾ, ಯಾವ ಹೊತ್ತಿಗೆ ಮಾಡಬಹುದು? ಬೇರೆಯವರು ಎತ್ತಿದರೆ ನೀವು ಯಾರು ಅಂತ ಹೇಳಬೇಕು? "ಸಂಘದ ಮೀಟಿಂಗ್ ವಿಷಯ" ಅಂತ ಇಬ್ಬರೂ ಒಂದು ಮಾತು ಗೊತ್ತು ಮಾಡಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಏನೂ ಕಳಿಸಬೇಡಿ. 181ಕ್ಕೆ ಮಾಡಿದ ಕರೆಯನ್ನು ಫೋನಿನಿಂದ ಅಳಿಸುವುದು ಹೇಗೆ ಅಂತ ಅಲ್ಲೇ ತೋರಿಸಿಕೊಡಿ. ತೋಟದಲ್ಲಿ ಕೆಲಸ ಮಾಡುವವಳಾದರೆ ವಾರದ ರಜೆ ಸಾಮಾನ್ಯವಾಗಿ ಸಂತೆ ದಿನವೇ ಇರುತ್ತದೆ, ಅವತ್ತು ಪೇಟೆಗೆ ಬಂದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಹಾಗಾಗಿ ಕೇಂದ್ರದ ಸಮಯವನ್ನು ಸಂತೆ ದಿನ ಸ್ವಲ್ಪ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಕೊಯ್ಲಿನ ತಿಂಗಳುಗಳಲ್ಲಿ ಅವಳು ಬರದಿದ್ದರೆ ಬಿಟ್ಟುಬಿಟ್ಟಳು ಅಂತ ಫೈಲು ಮುಚ್ಚಬೇಡಿ.